ಲಾಭದಿಂದ ಶುರುವಾಗುವ ಎಣಿಕೆ

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಹಿರೇಗುಂಟನೂರಿನ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಚಿತ್ರದುರ್ಗದ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ವೆಬ್ ಪುಟ ಬರೆಯುವ ತರಗತಿಗೆ ಸೇರಿದ್ದೆ. ಅಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ, ಕನ್ನಡ ಮಾಧ್ಯಮದವಳೂ ನಾನೊಬ್ಬಳೇ. "ನಿನಗೆ ಇದು ಒಗ್ಗಲ್ಲಮ್ಮ, ಟೈಪಿಂಗ್ ಬ್ಯಾಚಿಗೆ ಹೋಗು" ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಅವರೇ ಗಡುವು ಕೊಟ್ಟರು. ಗುಂಡಿ ಒತ್ತಿದಂತೆಲ್ಲ ಎಣಿಸುವ ಪುಟವೊಂದನ್ನು ಶನಿವಾರದೊಳಗೆ ಬರೆದು ತೋರಿಸಬೇಕು, ಇಲ್ಲವಾದರೆ ಟೈಪಿಂಗ್.

ಪಾಠ ಮಾಡುವುದರಲ್ಲಿ ಅವರು ಮೋಸ ಮಾಡುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ವೇರಿಯಬಲ್ ಎಂದರೆ ಹೆಸರು ಬರೆದ ಡಬ್ಬಿ, ಒಳಗಿರುವುದು ಬದಲಾಗುತ್ತಿರುತ್ತದೆ. ಇಫ್ ಎಂದರೆ ಕೇಳಿ ನೋಡಿ ಮುಂದೆ ಹೋಗುವುದು. ಇಷ್ಟನ್ನು ಹಿಡಿದುಕೊಂಡು ನಾನು ರಾಗಿ ಅಳೆಯುವ ಪುಟ ಬರೆಯಲು ಕೂತೆ. ಒಮ್ಮೆ ಒತ್ತಿದರೆ ಒಂದು ಸೇರು. ಆದರೆ ನಮ್ಮ ಕಣದಲ್ಲಿ ಮೊದಲ ಸೇರಿಗೆ ಯಾರೂ 'ಒಂದು' ಅನ್ನುವುದಿಲ್ಲ. ಶುಭವಾಗಲಿ ಅಂತ ಅವ್ವ 'ಲಾಭ' ಎಂದೇ ಸುರಿಯುತ್ತಿದ್ದಳು, ಆಮೇಲೆ ಎರಡು, ಮೂರು. ಹಾಗಾಗಿ ಡಬ್ಬಿಯಲ್ಲಿ ಒಂದು ಇದ್ದರೆ 'ಲಾಭ' ತೋರಿಸು, ಇಲ್ಲದಿದ್ದರೆ ಸಂಖ್ಯೆ ತೋರಿಸು ಎಂದು ಬರೆದೆ. ಆ ಕಂಪ್ಯೂಟರುಗಳಲ್ಲಿ ಕನ್ನಡ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಲಾಭ ಬರೆದೆ.

ಶುಕ್ರವಾರ ಒತ್ತಿ ನೋಡಿದೆ. ಲಾಭ. ಮತ್ತೆ ಒತ್ತಿದೆ. ಲಾಭ. ಇಪ್ಪತ್ತು ಸಲ ಒತ್ತಿದರೂ ಲಾಭ.

"ಏನಮ್ಮ, ನಿಮ್ಮೂರಾಗೆ ಬರೇ ಲಾಭನೇ ಐತಲ್ಲ!" ಎಂದು ಪಕ್ಕದ ಕುರ್ಚಿಯವನು ಕೂಗಿದ. ತರಗತಿಯೆಲ್ಲ ನಕ್ಕಿತು. ಅತ್ತರೆ ಅವರು ಗೆದ್ದಂತೆ, ಅದಕ್ಕೇ ಅಳಲಿಲ್ಲ. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದೆ. ಒಂದು ಸಮ ಚಿಹ್ನೆ ಹಾಕಿದರೆ ಡಬ್ಬಿಗೆ ತುಂಬು ಎಂದು ಹೇಳಿದಂತೆ, ಎರಡು ಹಾಕಿದರೆ ಡಬ್ಬಿಯಲ್ಲಿ ಅಷ್ಟಿದೆಯೇ ಎಂದು ಕೇಳಿದಂತೆ. ನಾನು ಒಂದೇ ಹಾಕಿದ್ದೆ. ಕೇಳುವ ಬದಲು ಪ್ರತಿ ಸಲವೂ ಒಂದನ್ನೇ ತುಂಬುತ್ತಿದ್ದೆ. ಇನ್ನೊಂದು ಚಿಹ್ನೆ ಸೇರಿಸಿದ ಮೇಲೆ ಲಾಭ, ಎರಡು, ಮೂರು ಎಂದು ಸರಾಗವಾಗಿ ಓಡಿತು.

ಶನಿವಾರ ಮೇಷ್ಟ್ರು ಹತ್ತರವರೆಗೂ ಒತ್ತಿ ನೋಡಿದರು.

"ಸರಿಯಾಗೈತೆ. ಆ ಲಾಭ ತೆಗೆದು ಒಂದು ಹಾಕು, ಸೀಟು ನಿಂದೇ."

"ಯಾಕ್ ಸರ್?"

"ನೋಡ್ದೋರು ನಗ್ತಾರೆ. ಕಂಪ್ಯೂಟರ್ನಾಗೆ ಹಳ್ಳಿ ಎಣಿಕೆ ಯಾಕೆ?"

"ನಾ ಹೇಳ್ದಂಗೆ ಅದು ಕೇಳ್ತೈತೆ ಸರ್. ಅದೇ ನಗ್ಲಿಲ್ಲ, ನೋಡೋರು ನಗೋದೇನೈತೆ?"

ತೆಗೆಯುವುದು ಒಂದು ಸಾಲಿನ ಕೆಲಸ. ಆ ಸೀಟು ನನಗೆ ಬೇಕೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ತಪ್ಪಾಗಿದ್ದರೆ ಹಿಂದಿನ ದಿನದಂತೆಯೇ ತಿದ್ದುತ್ತಿದ್ದೆ. ಇದು ತಪ್ಪಲ್ಲ, ಅವ್ವ ಅಳೆಯುವ ಕ್ರಮ. ಅದಕ್ಕೆ ನಾನು ನಾಚಿಕೊಳ್ಳಬೇಕೇ? ಕೀಲಿಮಣೆಯಿಂದ ಕೈ ತೆಗೆದು ಕಟ್ಟಿಕೊಂಡು ಕೂತೆ. ಮೇಷ್ಟ್ರು ಬಾಗಿಲ ಕಡೆ ಕೈ ತೋರಿಸಿದರು.

ಸೋಮವಾರ ಟೈಪಿಂಗ್ ಬ್ಯಾಚಿನಲ್ಲಿ ಕೂತೆ. ಅಲ್ಲಿನ ಹಳೇ ಕಂಪ್ಯೂಟರಿನಲ್ಲೂ ನೋಟ್‌ಪ್ಯಾಡ್ ಇತ್ತು, ಬ್ರೌಸರ್ ಇತ್ತು. ವೆಬ್ ಪುಟ ಬರೆಯಲು ಅವೆರಡೇ ಸಾಕು. ಟೈಪ್ ಮಾಡಲು ಕೊಟ್ಟಿದ್ದ ಇಂಗ್ಲಿಷ್ ಹಾಳೆಯನ್ನು ಬೋರಲು ಹಾಕಿ, ಇನ್ನೊಂದು ಪುಟದ ಮೊದಲ ಸಾಲು ಬರೆದೆ.