ತಲೆಯ ಕಡೆ ನಿಲ್ಲುವವಳು

ನನ್ನ ತಮ್ಮ ಸುನಿಯಾನ ಮಗಳು ಕಲೋಲೈನೆ ಫಿಜಿಗೆ ಹೋಗಿ ಅರಿವಳಿಕೆ ನರ್ಸ್ ಆಗಿ ಬಂದಳು. ಊರಿಗೆಲ್ಲ ಹೆಮ್ಮೆ, ನನಗೆ ಮಾತ್ರ ಕೋಪ. ಇರುವ ಕೆಲಸಗಳಲ್ಲೆಲ್ಲ ಇವಳಿಗೆ ಸಿಕ್ಕಿದ್ದು ರೋಗಿಯ ತಲೆಯ ಕಡೆ ನಿಲ್ಲುವ ಕೆಲಸವೇ? ಟೋಂಗಾದಲ್ಲಿ ಹುಟ್ಟಿದವರಿಗೆ ಹಾಲುಹಲ್ಲು ಬೀಳುವ ಮೊದಲೇ ಗೊತ್ತು, ಹಿರಿಯರ ತಲೆ ಮುಟ್ಟಬಾರದು. ಅಪ್ಪನ ತಲೆಯನ್ನಂತೂ ಕನಸಿನಲ್ಲೂ ಮುಟ್ಟಬಾರದು.

ಅವಳು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲೇ ನಾನು ಬಟ್ಟೆ ಒಗೆಯುವವಳು. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳಿಂದ ಇಪ್ಪತ್ತೆರಡು ವರ್ಷ ರಕ್ತ ಬಿಡಿಸಿದ್ದೇನೆ. ನನ್ನ ಬಾಯಿಗೆ ಡಾಕ್ಟರೂ ಹೆದರುತ್ತಾರೆ.

ಮೊದಲ ತಿಂಗಳು ಅವಳು ಪ್ರತಿ ರೋಗಿಯ ತಲೆ ಹಿಡಿಯುವ ಮುಂಚೆ "ತುಲೌ" ಎಂದು ಕ್ಷಮೆ ಕೇಳುತ್ತಿದ್ದಳು. ಎರಡನೆಯ ತಿಂಗಳು ತುಟಿಯಷ್ಟೇ ಅಲ್ಲಾಡಿತು. ಮೂರನೆಯ ತಿಂಗಳಿಗೆ ಅದೂ ನಿಂತಿತು. ಅವಳು ಉಳಿದುಕೊಂಡಿದ್ದು ನನ್ನ ಮನೆಯಲ್ಲೇ. ಕೆಸುವಿನೆಲೆ, ತೆಂಗಿನಹಾಲಿನ ಊಟ ಮುಂದಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಎಲ್ಲರೂ ಗಂಟಲು ಹರಿಯುವಂತೆ ಹಾಡಿದರೆ ಇವಳು ಪುಸ್ತಕ ತೆರೆದು ಸುಮ್ಮನೆ ನಿಂತಿರುತ್ತಿದ್ದಳು.

"ಏನಾಗಿದೆ ಕಣೆ ನಿಂಗೆ? ಭಯವಾ?"

"ಏನೂ ಆಗ್ತಿಲ್ಲ ಅತ್ತೆ. ಅದೇ ನೋಡಿ. ಒಳಗೆ ಏನೂ ಅನ್ನಿಸ್ತಾನೇ ಇಲ್ಲ."

"ಸೂಜಿ ಅವರಿಗೆ ಚುಚ್ಚು ಅಂದ್ರೆ ನಿಂಗೇ ಚುಚ್ಕೊಂಡಿದ್ದೀಯೇನೋ."

ಅವಳು ನಗಲಿಲ್ಲ. "ದಿನಾ ಒಬ್ಬರ ಉಸಿರು ಕೈಯಲ್ಲಿ ಹಿಡ್ಕೋಬೇಕಲ್ಲ. ಹೀಗಿದ್ರೇನೇ ಆಗೋದು" ಅಂದಳು.

ನಾಲ್ಕನೆಯ ತಿಂಗಳಲ್ಲಿ ಸುನಿಯಾ ದೋಣಿ ಎಳೆಯುವಾಗ ಕರುಳು ಇಳಿದು ಸಿಕ್ಕಿಹಾಕಿಕೊಂಡಿತು. ಹೊಟ್ಟೆ ಕಲ್ಲಾಯಿತು. ಅರಿವಳಿಕೆ ಕೊಡುವ ಇವಳ ಮೇಲಿನವರು ರಾಜಧಾನಿಗೆ ಹೋಗಿದ್ದರು; ಗಾಳಿ ಜೋರಾಗಿ ವಿಮಾನ ನಿಂತಿತ್ತು. "ಸಂಜೆವರೆಗೆ ಕಾದ್ರೆ ಮನುಷ್ಯ ಉಳಿಯಲ್ಲ" ಅಂದರು ಡಾಕ್ಟರ್ ಫಿಲಿಮೋನೆ.

"ಬೆನ್ನಿಗೆ ಸೂಜಿ ಕೊಡ್ತೀನಿ. ಸೊಂಟದ ಕೆಳಗೆ ಮರಗಟ್ಟಿದ್ರೆ ಸಾಕು" ಅಂದಳು ಕಲೋಲೈನೆ. ನನಗೆ ಅರ್ಥವಾಯಿತು. ಬೆನ್ನಾದರೆ ತಲೆ ಮುಟ್ಟಬೇಕಿಲ್ಲ.

ನಾನು ಬಾಗಿಲ ಹೊರಗೆ ನಿಂತೆ. ಬಟ್ಟೆ ಬಿಚ್ಚಿ ಮಲಗಿಸಿದ ತಮ್ಮನ ಕೋಣೆಗೆ ಅಕ್ಕ ಕಾಲಿಡುವಂತಿಲ್ಲ. ದೊಡ್ಡವರಾದ ಮೇಲೆ ನಾವಿಬ್ಬರು ಒಂದೇ ಸೂರಿನಡಿ ಮಲಗಿದವರೂ ಅಲ್ಲ.

ಬೆನ್ನಿನ ಸೂಜಿ ಅರ್ಧ ಹಿಡಿಯಿತು, ಅರ್ಧ ಹಿಡಿಯಲಿಲ್ಲ. ಸುನಿಯಾ ಹಲ್ಲು ಕಚ್ಚಿ ನರಳಿದ. "ಪೂರ್ತಿ ಮಲಗಿಸು" ಎಂದರು ಡಾಕ್ಟರ್. ಅವಳು ಕೈಯ ನರಕ್ಕೆ ಔಷಧಿ ಬಿಟ್ಟಳು, ನರಳಾಟ ನಿಂತಿತು. ಇನ್ನು ದವಡೆ ಎತ್ತಿ ಹಿಡಿಯಬೇಕು, ಇಲ್ಲವಾದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ. ಇಷ್ಟು ವರ್ಷದಲ್ಲಿ ಅಷ್ಟು ನನಗೂ ಗೊತ್ತು. ಉಸಿರು ಕಡಿಮೆಯಾದಂತೆ ಯಂತ್ರದ ಸದ್ದು ಇಳಿಯುತ್ತಾ ಬಂತು. ಬಾಗಿಲ ಸಂದಿಯಲ್ಲಿ ಇಣುಕಿದೆ. ಅವಳ ಕೈಗಳು ಅಪ್ಪನ ತಲೆಯ ಎರಡೂ ಬದಿಗೆ ಗಾಳಿಯಲ್ಲೇ ನಿಂತಿದ್ದವು.

"ಕಲೋಲೈನೆ, ಹಿಡಿ" ಎಂದರು ಡಾಕ್ಟರ್. ಕೈ ಇಳಿಯಲಿಲ್ಲ.

ನಮ್ಮಲ್ಲಿ ಅಪ್ಪನಿಗಿಂತ ಮೇಲೆ ಅಪ್ಪನ ಅಕ್ಕ. ಮದುವೆಯಿರಲಿ, ಸಾವಿರಲಿ, ಅವಳ ಮಾತು ಮೀರುವಂತಿಲ್ಲ. ಆ ದೊಡ್ಡಸ್ತಿಕೆಯಿಂದ ನನಗೆ ಇದುವರೆಗೆ ಸಿಕ್ಕಿದ್ದೆಂದರೆ ಒಳ್ಳೊಳ್ಳೆಯ ಚಾಪೆ, ಹಂದಿಯ ಒಳ್ಳೆಯ ತುಂಡು, ಅಷ್ಟೇ. ಅವತ್ತು ಅದನ್ನು ಕೆಲಸಕ್ಕೆ ಹಚ್ಚಿದೆ.

"ಅತ್ತೆ ಹೇಳ್ತಿದ್ದೀನಿ ಕಣೆ" ಎಂದು ಬಾಗಿಲಿಂದಲೇ ಕೂಗಿದೆ. "ಅವನು ನನ್ನ ತಮ್ಮ, ಆ ತಲೆ ನಂದು. ಪಾಪ ಬಂದ್ರೆ ನಂಗೆ ಬರ್ಲಿ. ಹಿಡಿ."

ಆಮೇಲೆ ಎಷ್ಟೋ ದಿನದಿಂದ ಕೇಳದಿದ್ದ ಮಾತು ಕೇಳಿತು. "ತುಲೌ, ಅಪ್ಪ." ಯಂತ್ರದ ಸದ್ದು ಮೆಲ್ಲಗೆ ಮೇಲೇರಿತು.

ಸುನಿಯಾ ಬದುಕಿದ. ಮಧ್ಯಾಹ್ನ ನಾನು ಬಟ್ಟೆ ನೆನೆಹಾಕುತ್ತಿದ್ದಾಗ ಅವಳು ಬಂದು ಬಕೆಟ್ ಬೋರಲು ಹಾಕಿ ಕೂತಳು. ಮುಖ ಹಾಗೇ ಇತ್ತು, ಗೋಡೆ ನೋಡುವ ಮುಖ. ಎರಡೂ ಅಂಗೈ ನೋಡಿಕೊಂಡಳು.

"ಅತ್ತೆ, ಅಪ್ಪನ ಕೂದಲು ಎಷ್ಟು ಮೆತ್ತಗಿದೆ. ನಂಗೆ ಗೊತ್ತೇ ಇರ್ಲಿಲ್ಲ."

"ನಂಗೊತ್ತು" ಅಂದೆ. "ಚಿಕ್ಕವನಿದ್ದಾಗ ಹೇನು ಹೆಕ್ಕಿದವಳು ನಾನೇ."

ಆಗ ಅವಳು ಅತ್ತಳು, ನಾಲ್ಕು ತಿಂಗಳ ಮೇಲೆ. ನಾನು ತಲೆ ಎತ್ತದೆ ಬಟ್ಟೆ ಹಿಂಡುತ್ತಲೇ ಇದ್ದೆ. ಆ ಕೂದಲು ಮುಟ್ಟಿ ನನಗೂ ನಲವತ್ತು ವರ್ಷವಾಗಿತ್ತು.