ಗಂಧ ಬಳಿದ ದಿಮ್ಮಿ

ಕಲ್ಯಾಣದ ಒಂದು ಮರದ ಡಿಪೋದಲ್ಲಿ ನಾನು ಕೆಲವು ವರ್ಷ ಬಿಲ್ಲು ಬರೆಯುವ ಕೆಲಸಕ್ಕಿದ್ದೆ. ಬೆಳಗ್ಗೆ ಊರೆಲ್ಲ ಮುಂಬಯಿ ಕಡೆ ಓಡುವಾಗ ನಾನು ಡೊಂಬಿವಲಿಯಿಂದ ಎದುರು ದಿಕ್ಕಿನ ಲೋಕಲ್ ಹತ್ತುತ್ತಿದ್ದೆ, ಕೂರಲು ಜಾಗ ಸಿಗುತ್ತಿತ್ತು. ಆ ಕೆಲಸದಿಂದ ನನಗೆ ಸಿಕ್ಕ ಸುಖ ಅದೊಂದೇ.

ಅಲ್ಲಿ ನಾನು ಮೊದಲು ಕಲಿತದ್ದು ಮುದ್ರೆಯ ವಿಷಯ. ನ್ಯಾಯವಾಗಿ ಬಂದ ದಿಮ್ಮಿಯ ತುದಿಗೆ ಅರಣ್ಯ ಇಲಾಖೆಯವರು ಕಬ್ಬಿಣದ ಸುತ್ತಿಗೆಯಿಂದ ಒಂದು ಗುರುತು ಹೊಡೆದಿರುತ್ತಾರೆ. ಜತೆಗೆ ಲಾರಿಯಲ್ಲಿ ಸಾಗಾಟದ ಪಾಸ್ ಇರಬೇಕು. ಎರಡೂ ಇಲ್ಲದ್ದು ಕದ್ದ ಮರ. ಕಡಿದಷ್ಟು ಮತ್ತೆ ಬೆಳೆಯಲಿ, ಕಾಡು ಉಳಿಯಲಿ ಎಂದು ಮಾಡಿದ ಕಾನೂನು ಇದು. ಓದಿದರೆ ಕೈ ಮುಗಿಯಬೇಕು ಅನಿಸುತ್ತದೆ, ನಡೆಯುವುದನ್ನು ನೋಡಿದರೆ ಉಗಿಯಬೇಕು ಅನಿಸುತ್ತದೆ. ನಾನು ನೋಡಿದವಳು.

ಮುರ್ಬಾಡ್ ಕಡೆಯ ಒಬ್ಬ ಆದಿವಾಸಿ ರೈತರು ಆಗಾಗ ಡಿಪೋಗೆ ಬರುತ್ತಿದ್ದರು. ನನ್ನ ಅಪ್ಪನ ವಯಸ್ಸು. ಅವರ ಹೊಲದ ಬದುವಿನಲ್ಲಿ ಅವರ ತಂದೆ ನೆಟ್ಟ ಸಾಗವಾನಿ ಮರಗಳಿದ್ದವು. ಮನೆಯ ಮಾಡು ಗೆದ್ದಲು ತಿಂದು ಒಂದು ಬದಿ ಕುಸಿದಿತ್ತು. ಒಂದು ಮರ ಮಾರಿ ಹೆಂಚು ತರಬೇಕು, ಇನ್ನೊಂದು ಮರ ಸಿಗಿದು ಹೆಂಚಿನಡಿಗೆ ಪಕ್ಕಾಸು ಹಾಕಬೇಕು, ಅದೂ ಮಳೆಗಾಲಕ್ಕೆ ಮೊದಲು. ಅವರಿಗೆ ಬೇಕಾದದ್ದು ಇಷ್ಟೇ. ಆದರೆ ಸ್ವಂತ ಹೊಲದ್ದಾದರೂ ಸಾಗವಾನಿ ಕಡಿಯಲು ಇಲಾಖೆಯವರು ಬಂದು ಮರ ನೋಡಿ ಅನುಮತಿ ಕೊಡಬೇಕು, ಆದಿವಾಸಿಯ ಮರವಾದರೆ ಅರ್ಜಿ ಇನ್ನೂ ಒಂದು ಮೇಜು ಹೆಚ್ಚು ಸುತ್ತಬೇಕು. ಅವರ ಅರ್ಜಿ ಯಾವ ಮೇಜಿನ ಮೇಲೆ ಮಲಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಅರಣ್ಯದ ಸಾಹೇಬರು ಡಿಪೋದ ಒಡೆಯರಾದ ನಮ್ಮ ಸೇಠರ ಜತೆ ಚಹಾ ಕುಡಿಯಲು ಬರುತ್ತಾರೆಂದು ತಿಳಿದು, ಕಚೇರಿಯಲ್ಲಿ ಸಿಗದವರು ಇಲ್ಲಾದರೂ ಸಿಗುತ್ತಾರೆಂಬ ಆಸೆಯಿಂದ ಬಂದು ಕೂರುತ್ತಿದ್ದರು.

ಆ ವರ್ಷವೇ ಡೊಂಬಿವಲಿಯ ನಮ್ಮ ಕನ್ನಡದವರ ಭಜನಾ ಮಂದಿರಕ್ಕೆ ಹೊಸ ಬಾಗಿಲು ಮಾಡಿಸುವುದೆಂದಾಯಿತು. ಸಮಿತಿಯ ಅಧ್ಯಕ್ಷರು ಉಡುಪಿ ಕಡೆಯವರು, ಘೋಡಬಂದರ್ ರಸ್ತೆಯಲ್ಲಿ ಅವರದು ದೊಡ್ಡ ಹೋಟೆಲು. ನಾನಿದ್ದೇನೆಂದು ನಮ್ಮ ಡಿಪೋಗೇ ಬಂದರು. ಸೇಠರು ಒಂದು ಭಾರಿ ಸಾಗವಾನಿ ದಿಮ್ಮಿ ತೋರಿಸಿದರು. ನಾನು ಎರಡೂ ತುದಿ ನೋಡಿದೆ, ಮುದ್ರೆ ಇರಲಿಲ್ಲ, ಅದರ ಪಾಸೂ ನನ್ನ ಕಡತಕ್ಕೆ ಬಂದಿರಲಿಲ್ಲ. ಅಧ್ಯಕ್ಷರನ್ನು ಬದಿಗೆ ಕರೆದೆ.

"ಅಣ್ಣ, ಇದು ಕದ್ದ ಮರ. ಬೇಡ."

"ದೇವರಿಗೆ ಅಲ್ವಾ ತಂಗಿ, ನಮ್ಮ ಮನೆಗಾ? ಕಾಡೂ ದೇವರದ್ದೇ, ಬಾಗಿಲೂ ದೇವರದ್ದೇ. ನೀನು ಸುಮ್ನೆ ಟೆನ್ಶನ್ ತಕೊಳ್ಬೇಡ."

ನಮ್ಮ ಊರಿನಲ್ಲಿ ದೇವರ ಕೆಲಸಕ್ಕೆ ಮರ ಕಡಿಯುವ ಮೊದಲು ಮರಕ್ಕೆ ಪೂಜೆ ಮಾಡುತ್ತಾರೆ. ಇದರಲ್ಲಿ ವಾಸವಿರುವ ಹಕ್ಕಿ, ಹುಳ, ಕಣ್ಣಿಗೆ ಕಾಣದ ಜೀವಗಳೆಲ್ಲ ಬೇರೆ ಜಾಗ ನೋಡಿಕೊಳ್ಳಿ, ನಮ್ಮನ್ನು ಕ್ಷಮಿಸಿ ಎಂದು ಬೇಡಿಕೊಂಡು ಆಮೇಲೆ ಕೊಡಲಿ ಮುಟ್ಟಿಸುತ್ತಾರೆ. ನನಗೆ ತುಂಬ ಹಿಡಿಸಿದ ಕ್ರಮ ಅದು. ನಮ್ಮ ಸಮಿತಿಗೆ ಅದು ನೆನಪಾದದ್ದು ಮರ ಉರುಳಿ, ದಿಮ್ಮಿಯಾಗಿ, ಕಲ್ಯಾಣದ ಅಂಗಳದಲ್ಲಿ ಬಿದ್ದ ಮೇಲೆ. ಶಾಸ್ತ್ರ ತಪ್ಪಬಾರದಲ್ಲ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ದಿಮ್ಮಿಗೇ ಪೂಜೆ ಎಂದು ನಿರ್ಧಾರವಾಯಿತು.

ಒಂದು ಭಾನುವಾರ ವರ್ತಕ ನಗರದಿಂದ ಭಟ್ಟರು ಬಂದರು. ಹೆಂಗಸರು ರೇಷ್ಮೆ ಸೀರೆಯಲ್ಲಿ ಮರದ ಹೊಟ್ಟು ತುಳಿದುಕೊಂಡು ಬಂದರು. ಮುಖ್ಯ ಅತಿಥಿ ಯಾರೆಂದರೆ, ಅದೇ ಅರಣ್ಯದ ಸಾಹೇಬರು. ದಿಮ್ಮಿಯ ಎರಡೂ ತುದಿಗೆ, ಮುದ್ರೆ ಇರಬೇಕಾದ ಜಾಗದ ಮೇಲೆಯೇ, ಗೋಡೆಗೆ ಗಾರೆ ಮೆತ್ತಿದ ಹಾಗೆ ಗಂಧ ಮೆತ್ತಿದರು. ಅದರ ಎದುರು ನಿಂತು ಸಾಹೇಬರು ಆರತಿ ಎತ್ತಿದರು, ಆ ಗಂಧವನ್ನೇ ಬೆರಳಲ್ಲಿ ತೆಗೆದು ಹಣೆಗಿಟ್ಟುಕೊಂಡರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ, ಮೇದ ಬೇಲಿಗೆ ಶಾಲು ಹೊದಿಸುವುದನ್ನು ಅಂದು ಕಂಡೆ. ಹಕ್ಕಿಗಳೇ ಬಿಟ್ಟು ಹೋಗಿ ಎಂದು ಭಟ್ಟರು ಆ ದಿಮ್ಮಿಗೆ ಹೇಳಿದರು. ಚಪ್ಪಾಳೆಯೂ ಬಿತ್ತು.

ಸಾಹೇಬರು ಬರುತ್ತಾರೆಂಬ ಸುದ್ದಿ ಹಿಡಿದು ರೈತರೂ ಬಂದಿದ್ದರು. ಚಪ್ಪಲಿ ದೂರ ಬಿಟ್ಟು, ಕೈ ಮುಗಿದು ಹತ್ತಿರ ಹೋದರು.

"ಆಜ್ ದೇವಾಚಂ ಕಾಮ್ ಆಹೇ. ಆಫಿಸಚಂ ಬೋಲೂ ನಕೋ," ಎಂದರು ಸಾಹೇಬರು. ದೇವರ ಕೆಲಸದ ದಿನ ಆಫೀಸಿನ ಮಾತು ಬೇಡವಂತೆ.

ನನಗೆ ತಡೆಯಲಾಗಲಿಲ್ಲ. ಮಳೆ ಹತ್ತಿರ ಬಂತು, ಇವರ ಮಾಡು ಬೀಳುತ್ತಿದೆ, ಇವರ ಮರ ನೋಡಲು ಯಾವಾಗ ಹೋಗುತ್ತೀರಿ ಎಂದು ಎಲ್ಲರೆದುರು ಮರಾಠಿಯಲ್ಲಿ ಕೇಳಿದೆ. ಸಾಹೇಬರು ನಕ್ಕರು. ಅಧ್ಯಕ್ಷರು ನನ್ನ ಕಿವಿಯ ಬಳಿ ಬಂದು, "ಶುಭಕಾರ್ಯದಲ್ಲಿ ಇದೆಂಥ ಮಾರಾಯ್ತಿ ನಿಂದು?" ಎಂದು ಗದರಿ, ರೈತರ ಕೈಗೆ ಒಂದು ಹಿಡಿ ಪಂಚಕಜ್ಜಾಯ ಹಾಕಿದರು. ಅವರು ಅದನ್ನು ಕಣ್ಣಿಗೊತ್ತಿಕೊಂಡು ತಿಂದರು.

ಮಳೆ ಬಂತು, ಅನುಮತಿ ಬರಲಿಲ್ಲ. ಮಾಡಿನ ಇನ್ನೊಂದು ಬದಿಯೂ ಜಗ್ಗಿದಾಗ ಅವರು ಒಂದು ಮರ ಕಡಿದರು. ನೋಡಲು ಬನ್ನಿ ಎಂದು ಅಷ್ಟು ಕಾಲ ಕರೆದರೂ ಬಾರದ ಇಲಾಖೆ, ಈಗ ಕರೆಯದೆಯೇ ಬಂತು. ಕೇಸು ಹಾಕಿ ಮರ ಜಪ್ತಿ ಮಾಡಿದರು. ಹರಾಜಿನಲ್ಲಿ ಕೊಂಡವರು ನಮ್ಮ ಸೇಠರು. ಆ ದಿಮ್ಮಿ ನಮ್ಮ ಅಂಗಳಕ್ಕೆ ಬಂದಾಗ ತುದಿಯಲ್ಲಿ ಸುತ್ತಿಗೆಯ ಮುದ್ರೆ ಸ್ಪಷ್ಟವಾಗಿತ್ತು, ಜತೆಗೆ ಪಾಸೂ ಇತ್ತು. ಇಡೀ ಡಿಪೋದಲ್ಲಿ ಅಷ್ಟು ಶುದ್ಧ ಕಾನೂನಿನ ಮರ ಇನ್ನೊಂದಿರಲಿಲ್ಲ. ನಮ್ಮ ಮಂದಿರದ ಬಾಗಿಲು ಅಷ್ಟರಲ್ಲಿ ಪಾಲಿಶ್ ಆಗಿ ನಿಂತಿತ್ತು, ಚೆಂದ ಉಂಟೆಂದು ಎಲ್ಲರೂ ಹೊಗಳುತ್ತಿದ್ದರು.

ಮಳೆಗಾಲ ಕಳೆದ ಮೇಲೆ ರೈತರು ಇನ್ನೊಮ್ಮೆ ಬಂದರು, ಮರ ಇನ್ನೂ ಇದೆಯೇ ಎಂದು ನೋಡಲು. ಅಷ್ಟರಲ್ಲಿ ಅದು ಸಿಗಿದು ಹೋಗಿತ್ತು. ಮಾಡಿಗೆ ಈಗ ಕಬ್ಬಿಣದ ಪೈಪು ಕೊಟ್ಟು ತಗಡು ಹೊದೆಸಿದ್ದೇನೆ, ಬಿಸಿಲಿಗೆ ಒಳಗೆ ಕೂರಲಾಗುವುದಿಲ್ಲ ಎಂದರು. ಏನಾದರೂ ಸಮಾಧಾನ ಹೇಳಬೇಕಿತ್ತು ನನಗೆ. ಸಾಗವಾನಿ ಕಡಿದರೂ ಬುಡದಿಂದ ಚಿಗುರುತ್ತದೆ, ಒಂದು ಚಿಗುರು ಉಳಿಸಿಕೊಂಡರೆ ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಮರವಾಗುತ್ತದೆ.

"ಚಿಗುರಿರಬೇಕಲ್ಲ ಈಗ?" ಎಂದೆ.

ಚಿಗುರಿತ್ತು, ಮುರಿದು ಹಾಕಿದೆ ಎಂದರು. ಬದುವಿನಲ್ಲಿ ಬೀಜ ಬಿದ್ದು ತಾವಾಗಿ ಎದ್ದ ಸಸಿಗಳನ್ನೂ ಕಿತ್ತರಂತೆ. ಮಗನಿಗೂ ಹೇಳಿಟ್ಟಿದ್ದಾರಂತೆ, ಬೆರಳಿನಷ್ಟು ದಪ್ಪ ಇರುವಾಗಲೇ ಕಿತ್ತುಬಿಡು ಎಂದು.

"ಮೋಠಂ ಝಾಲಂ ಕೀ ಸರಕಾರಚಂ, ಮ್ಯಾಡಮ್," ಎಂದರು. ದೊಡ್ಡದಾದರೆ ಸರಕಾರದ್ದು.