ಹಾಜರಿ ಪುಸ್ತಕದಲ್ಲಿ ಸಗೀರಾ

ನನ್ನ ಕೈ ಸೇದಿಹೋಗಲಿ! ಕೇಡು ಬಗೆದು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಸಗೀರಾಗೆ ಒಳ್ಳೆಯದಾಗಲೆಂದು ಮಾಡಿದೆ, ಅವಳ ಮುಪ್ಪನ್ನೇ ಹಾಳು ಮಾಡಿದೆ.

ಸಿಂದಗಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ನಾನು, ಬಸಂತರಾಯ, ಹಾಜರಿ ಕಾರಕೂನ. ಅವಳು ಲೆಕ್ಕ ಬರೆಯುವವಳು. ಗಂಡ ತೀರಿಕೊಂಡ ಮೇಲೆ, ತೊಂಬತ್ತಾರರಲ್ಲಿ, ನಲವತ್ತೇಳನೆಯ ವಯಸ್ಸಿಗೆ ಬಂದು ಸೇರಿದಳು. ಬಲು ಗಟ್ಟಿ ಹೆಂಗಸು. ತೂಕದ ಚೀಟಿಯಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾದರೆ ಮಾಲೀಕರನ್ನೂ ಬಿಡುತ್ತಿರಲಿಲ್ಲ. ಒಬ್ಬಳೇ ಮಗಳು ಯಾಸ್ಮಿನ, ಮದುವೆಯಾಗಿ ಮಸ್ಕತ್ತಿನಲ್ಲಿದ್ದಳು. ದುಡ್ಡು ಕಳಿಸುತ್ತೇನೆಂದು ಅಳಿಯ ಎಷ್ಟು ಹೇಳಿದರೂ ಇವಳು ಒಪ್ಪಲಿಲ್ಲ.

"ಹತ್ತು ವರ್ಷ ಪಿ.ಎಫ್. ತುಂಬಿದ್ರ ಪಿಂಚಣಿ ಬರತೈತಿ, ಬಸಂತಣ್ಣ. ಆರುನೂರೋ ಏಳುನೂರೋ, ನನ್ನ ರೊಟ್ಟಿ ನನಗಾತು. ಅಳಿಯನ ಮುಂದ ಕೈ ಒಡ್ಡೂದು ಬ್ಯಾಡ್ರಿ," ಅನ್ನುತ್ತಿದ್ದಳು.

ಎರಡು ಸಾವಿರದ ಮೂರರಲ್ಲಿ ಯಾಸ್ಮಿನಳಿಗೆ ಅವಳಿ ಮಕ್ಕಳಾದವು. ಬಾಣಂತಿ ಹಾಸಿಗೆ ಹಿಡಿದಳು. ಎರಡು ತಿಂಗಳಿಗೆಂದು ಹೋದ ಸಗೀರಾ ಹದಿನಾಲ್ಕು ತಿಂಗಳು ಅಲ್ಲಿಯೇ ಉಳಿದಳು. ಆದರೆ ಕೆಲಸ ಬಿಡಲಿಲ್ಲ. "ಪಗಾರ ಕಡಿಮಿ ಮಾಡ್ರಿ, ಪಿ.ಎಫ್. ಮಾತ್ರ ತಪ್ಪಸಬ್ಯಾಡ್ರಿ," ಎಂದು ಮಾಲೀಕರನ್ನು ಒಪ್ಪಿಸಿಯೇ ಹೋಗಿದ್ದಳು. ವಾರಕ್ಕೆರಡು ಸಲ ನಾನು ಸೈಬರ್ ಅಂಗಡಿಯಿಂದ ತೂಕದ ಲೆಕ್ಕ ಕಳಿಸುವುದು, ಮರುದಿನ ಅವಳು ಖಾತೆ ಬರೆದು ಕಳಿಸುವುದು. ಒಂದು ದಿನ ತಪ್ಪಲಿಲ್ಲ, ಒಂದು ಅಂಕಿ ತಪ್ಪಲಿಲ್ಲ.

ಹಾಜರಿ ಪುಸ್ತಕದಲ್ಲಿ ಮಾತ್ರ ಅವಳ ಸಾಲು ಖಾಲಿ. ಖಾಲಿ ಇದ್ದರೆ ಗೈರು, ಗೈರಾದವರ ಪಿ.ಎಫ್. ಹೇಗೆ ಕಟ್ಟುವುದು? ಪಿ.ಎಫ್. ಕಚೇರಿಯಲ್ಲಿ ಕೇಳಬಹುದಿತ್ತು. ಎಲ್ಲ ತಿಳಿದವನ ಹಾಗೆ ನಾನೇ ಒಂದು ದಾರಿ ಹುಡುಕಿದೆ. ರದ್ದಿ ಕಾಗದದ ಮೇಲೆ ಎರಡು ದಿನ ಅವಳ ಸಹಿ ತಿದ್ದಿದೆ. ಆಮೇಲೆ ಹದಿನಾಲ್ಕು ತಿಂಗಳು, ದಿನಾ ಬೆಳಿಗ್ಗೆ, ಅವಳ ಸಹಿ ನಾನೇ ಹಾಕಿದೆ. ಅವಳಿಗೂ ಹೇಳಲಿಲ್ಲ. ಎಂಥ ಜಾಣ ನಾನು ಎಂದು ಬೀಗಿದೆ, ಮೂರ್ಖ!

ಎರಡು ಸಾವಿರದ ಆರರಲ್ಲಿ ಅವಳಿಗೆ ಐವತ್ತೆಂಟು ತುಂಬಿತು. ಪಿಂಚಣಿಯ ಅರ್ಜಿ ಹಿಡಿದು ಇಬ್ಬರೂ ಪಿ.ಎಫ್. ಕಚೇರಿಗೆ ಹೋದೆವು. ಹಾಜರಿ ಪುಸ್ತಕಗಳನ್ನು ನಾನೇ ಹೊತ್ತಿದ್ದೆ. ಹುಟ್ಟಿದ ತಾರೀಖಿಗೆ ಬೇರೆ ದಾಖಲೆ ಇರಲಿಲ್ಲವೆಂದು ಅವಳು ಪಾಸ್‌ಪೋರ್ಟ್ ಕೊಟ್ಟಳು. ಸಾಹೇಬರು ಹಾಳೆ ತಿರುವುತ್ತ ಒಂದು ಮುದ್ರೆಯ ಮೇಲೆ ಬೆರಳಿಟ್ಟರು. ಹಾಜರಿ ಪುಸ್ತಕ ತೆಗೆದರು.

"ಈ ತಾರೀಖಿಗೆ ನೀವು ಮಸ್ಕತ್ತಿನ್ಯಾಗ ಇದ್ರಿ. ಸಿಂದಗ್ಯಾಗ ಸಹಿ ಹೆಂಗ ಮಾಡಿದ್ರಿ?"

ಸಗೀರಾ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಸುಳ್ಳು ಹೇಳಿ ಗೊತ್ತಿದ್ದರೆ ತಾನೇ? "ಇದು ನನ್ನ ಸಹಿ ಅಲ್ರಿ," ಎಂದಳು. ಆಮೇಲೆ ನನ್ನ ಮುಖ ನೋಡಿದಳು.

ನಾನು ಎಲ್ಲ ಒಪ್ಪಿಕೊಂಡೆ. "ತಪ್ಪು ನಂದ್ರಿ ಸಾಹೇಬ್ರ. ಅಕ್ಕಾರು ಕೆಲಸ ಖರೇನ ಮಾಡ್ಯಾರ್ರಿ, ಅಲ್ಲಿಂದನ ಮಾಡ್ಯಾರ್ರಿ."

"ಹಂಗಂತ ಬರೀಬೇಕಿತ್ತಲ್ಲೋ ಮಾರಾಯಾ! ಪರದೇಶದಿಂದ ಕೆಲಸ ಅಂತ ಒಂದು ಸಾಲು ಇದ್ದಿದ್ರ ನಾನ ಪಾಸ್ ಮಾಡತಿದ್ದೆ. ಖೊಟ್ಟಿ ಸಹಿ ಕಂಡಮ್ಯಾಲ ಈ ತಿಂಗಳುಗಳ್ನ ಹೆಂಗ ಲೆಕ್ಕಕ್ಕ ಹಿಡೀಲಿ?"

ಹದಿನಾಲ್ಕು ತಿಂಗಳು ಹೊಡೆದುಹಾಕಿದರು. ಉಳಿದದ್ದು ಒಂಬತ್ತು ವರ್ಷ, ನಾಲ್ಕು ತಿಂಗಳು. ಐವತ್ತೆಂಟರ ಮೇಲೆ ಕಟ್ಟಲು ಬರುವುದಿಲ್ಲ. ಪಿಂಚಣಿ ಮುಗಿಯಿತು.

ಸಿಂದಗಿಯ ಬಸ್ಸು ಹತ್ತಿದೆವು. "ಬೈರಿ ಅಕ್ಕಾ, ಚಪ್ಪಲಿ ತಗೊಂಡು ಹೊಡೀರಿ," ಎಂದು ಅತ್ತೆ. "ನನ್ನ ಸಹಿ ನನಗಿಂತ ಛಂದ ಮಾಡೀರಿ, ಬಸಂತಣ್ಣ," ಎಂದಳು, ಅಷ್ಟೇ. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎಸ್.ಟಿ.ಡಿ. ಬೂತಿಗೆ ಹೋಗಿ ಮಸ್ಕತ್ತಿಗೆ ಫೋನ್ ಹಚ್ಚಿದಳು. ನಾನು ಬಾಗಿಲ ಹೊರಗೆ ನಿಂತೆ. ಮೊಮ್ಮಕ್ಕಳ ಆರೋಗ್ಯ ಕೇಳಿದಳು, ಮಗಳ ಊಟ ಕೇಳಿದಳು. ಮೀಟರು ಓಡುತ್ತಿತ್ತು.

"ಯಾಸ್ಮಿನ, ಫೋನ್ ನಿನ್ನ ಗಂಡನ ಕೈಯಾಗ ಕೊಡವಾ," ಎಂದಳು.